ದೀಪ ಆರಿಸಿ

ಮುಖ ತೊಳೆಯುವ ಮೊದಲೇ ಅವನು ಬೆಳಕನ್ನು ಅಳೆದ. ಒಂಬತ್ತು ದಿನಗಳಿಂದ ಇದೊಂದು ನೇಮವಾಗಿಬಿಟ್ಟಿತ್ತು. ನಡುಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ ಉಪ್ಪುನೀರಿನ ಗಾಜಿನ ತೊಟ್ಟಿ, ಅದರ ಮೇಲೆ ಎರಡು ತಂತಿಗಳಲ್ಲಿ ತೂಗುವ ಹೊಸ ದೀಪ, ದೀಪಕ್ಕೂ ನೀರಿಗೂ ನಡುವೆ ಚಾಚಿದ ಅವನ ಕೈ, ಕೈಯಲ್ಲಿ ತನ್ನ ಕನ್ನಡಕದ ಅಂಗಡಿಯಿಂದ ತಂದ ಬೆಳಕಿನ ಮಾಪಕ. ಅಕ್ಷರದ ಹಲಗೆಯ ಮೇಲೆ ಬೆಳಕು ಸಾಕಷ್ಟು ಬೀಳುತ್ತಿದೆಯೋ ಇಲ್ಲವೋ ಎಂದು ನೋಡಲು ಇಟ್ಟುಕೊಂಡ ಯಂತ್ರ ಅದು. ಹೊಸ ದೀಪಕ್ಕೆ ಎರಡು ತಿರುಪು, ಒಂದು ನೀಲಿಗೆ, ಒಂದು ಬಿಳಿಗೆ. ನೀಲಿಯನ್ನು ಎಷ್ಟು ತಿರುಗಿಸಿದರೂ ಮಾಪಕದ ಅಂಕಿ ಸೋಮಾರಿಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಬಿಳಿಯನ್ನು ಬೆರಳಿನಿಂದ ಸೋಕಿದರೆ ಸಾಕು, ಗಡಬಡಿಸಿ ಎದ್ದು ನಿಲ್ಲುತ್ತಿತ್ತು. ಹೀಗಾಗಿ ಅವನು ದಿನಕ್ಕೊಂದಿಷ್ಟು ಬಿಳಿಯನ್ನು ಏರಿಸುತ್ತ ಬಂದಿದ್ದ. ಸೂಜಿಗೆ ದಾರ ಪೋಣಿಸುವವರಿಗೆ ಎಷ್ಟು ಬೆಳಕು ಬೇಕೆಂಬುದು ಅವನಿಗೆ ಬಾಯಿಪಾಠ. ಅಷ್ಟು ಈ ಜೀವಗಳಿಗೂ ಬೇಕೆಂದು ತಾನೇ ತೀರ್ಮಾನಿಸಿದ್ದ. ಇವತ್ತು ಅಂಕಿ ಅಲ್ಲಿಗೆ ಮುಟ್ಟಿತು. ಕೆಳಗೆ, ಕಲ್ಲಿನ ಮೆಟ್ಟಿಲುಗಳ ಮೇಲೆ, ಹವಳಗಳು ಹಿಂದೆಂದೂ ಇಲ್ಲದ ಹಾಗೆ ತಿಳಿಯಾಗಿ ಕಂಡವು. ಕಂದು ಬೆರೆತ ಹಸಿರಾಗಿದ್ದ ಸುತ್ತಿಗೆ ಹವಳ (ಬೆರಳುಗಳ ತುದಿ ಸುತ್ತಿಗೆಯ ತಲೆಯಂತಿರುವುದರಿಂದ ಅದಕ್ಕೆ ಆ ಹೆಸರು) ಈಗ ಎಳೆಯ ಸುಳಿಯ ಬಣ್ಣಕ್ಕೆ ತಿರುಗಿತ್ತು. ಮಿದುಳಿನಂತೆ ಸುರುಳಿಗಟ್ಟಿದ ಇನ್ನೊಂದು, ಗುಲಾಬಿಯ ಮೇಲೆ ಹಾಲು ಚೆಲ್ಲಿದ ಹಾಗಿತ್ತು. ಕೊಳೆ ತೊಳೆದುಹೋಗಿದೆ, ಎಂದುಕೊಂಡ. ಅವಳು ನೋಡಬೇಕಿತ್ತು, ಎಂದುಕೊಂಡ. ಹಾಗೆಂದುಕೊಂಡದ್ದೇ ಎದೆಯೊಳಗೆ ಎಲ್ಲೋ ಒಂದು ಬಾಗಿಲು ಗಾಳಿಗೆ ತೆರೆದು ಮತ್ತೆ ಮುಚ್ಚಿಕೊಂಡಿತು.

ತೊಟ್ಟಿ ಅವನ ಹೆಂಡತಿಯದು. ಅವಳು ಅಚ್ಚುಕೂಟದಲ್ಲಿ ಶಾಯಿ ಬೆರೆಸುವವಳು. ಗಿರಾಕಿ ತಂದ ಹಳೆಯ ಕಾಗದದ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದೇ ಕೆಂಪನ್ನು, ಆ ಕೆಂಪಿಗೆ ಬಂದಿರುವ ಅದೇ ಬೇಸರವನ್ನು, ಬೋಗುಣಿಯಲ್ಲಿ ಮತ್ತೆ ಹುಟ್ಟಿಸಬಲ್ಲವಳು. ಮೀನು ಒಂದೂ ಇಲ್ಲದ ಈ ತೊಟ್ಟಿಯನ್ನು ನೋಡಲು ಬಂದ ಅವನ ಭಾವ, ನಾಯಿ ಸಾಕುವವರನ್ನು ಕಂಡಿದ್ದೇನೆ, ಬೆಕ್ಕು ಸಾಕುವವರನ್ನು ಕಂಡಿದ್ದೇನೆ, ಕಲ್ಲು ಸಾಕುವವರನ್ನು ಇವತ್ತೇ ಕಂಡದ್ದು ಎಂದಾಗ ಎಲ್ಲರೊಡನೆ ಅವನೂ ನಕ್ಕಿದ್ದ. ನಕ್ಕದ್ದು ಈಗ ನೆನಪಾದರೆ ಕಿವಿಯ ತುದಿ ಬಿಸಿಯಾಗುತ್ತದೆ. ಅವಳು ತಾನೇ ಕೇಳಿಕೊಂಡು ಅಚ್ಚುಕೂಟದ ಇನ್ನೊಂದೂರಿನ ಶಾಖೆಗೆ ವರ್ಗವಾಗಿ ಹೋದಳು. ಆರೇ ತಿಂಗಳು, ಎಂದಿದ್ದಳು. ಆರು ತಿಂಗಳು ತುಂಬಿ ಎರಡು ವಾರವಾಗಿತ್ತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ, ಕೇಳಲು ಅವನಿಗೆ ಬಾಯಿ ಬರಲಿಲ್ಲ. ಹೋಗುವಾಗ ನೀರು ಬದಲಿಸುವುದನ್ನು, ಉಪ್ಪು ನೋಡುವುದನ್ನು ಎಲ್ಲ ಹೇಳಿಕೊಟ್ಟು, ದೀಪ ಸರಿಯಾಗಿದೆ ಅದನ್ನು ಮುಟ್ಟಬೇಡಿ ಎಂದಿದ್ದಳು. ಮುಟ್ಟದಿದ್ದರೂ ಅದು ಒಂದು ದಿನ ತಾನಾಗಿಯೇ ಸತ್ತಿತು. ಗಾಬರಿಯಲ್ಲಿ ಅವನು ಅಂಗಡಿಯ ಗಾಜಿನ ಬೀರುವಿನೊಳಗಿನ ಬಿಳಿ ದೀಪವನ್ನು ಬಿಚ್ಚಿ ತಂದು ತೂಗುಹಾಕಿದ. ನಾಲ್ಕು ದಿನ ಕಳೆದ ಮೇಲೆ ಆ ಬೆಳಕಿನಲ್ಲೇ ಒಂದು ಫೋಟೋ ತೆಗೆದು ಅವಳಿಗೆ ಕಳಿಸಿ ಕೆಳಗೆ ಬರೆದ: ಹಳೆಯದು ಕೆಟ್ಟಿತು. ಇದು ಸದ್ಯಕ್ಕೆ. ಹೊಸದು ಮೂರು ನೋಡಿಟ್ಟಿದ್ದೇನೆ. ಏನು ಮಾಡಲಿ? ಅರ್ಧ ಗಂಟೆಯಲ್ಲಿ ಉತ್ತರ ಬಂತು. ದೀಪ ಆರಿಸಿ. ಎರಡೇ ಪದ. ಅವನು ಅಂಗಡಿಯಲ್ಲಿ ನಿಂತಲ್ಲೇ ಅದನ್ನು ಎಷ್ಟು ಸಲ ಓದಿದನೋ. ಮೂರರಲ್ಲಿ ಒಂದನ್ನು ನೀವೇ ಆರಿಸಿ, ನಿಮ್ಮ ಮೇಲೆ ಬಿಟ್ಟಿದ್ದೇನೆ, ಎಂದು ಅವಳು ಹೇಳಿದ್ದಳು. ತೊಟ್ಟಿಯ ಹತ್ತಿರವೇ ಬಿಟ್ಟುಕೊಳ್ಳದವಳು, ಅದರ ಸೂರ್ಯನನ್ನೇ ಅವನ ಕೈಗೆ ಕೊಟ್ಟಿದ್ದಳು. ಮೂರರಲ್ಲಿ ಎಲ್ಲಕ್ಕಿಂತ ಪ್ರಖರವಾದದ್ದನ್ನು ಅವನು ಆರಿಸಿ, ಕಟ್ಟಿ, ಉರಿಸಿ, ಒಂದೇ ಪದ ಬರೆದ: ಆರಿಸಿದೆ. ಅದಕ್ಕೆ ಬಂದ ಉತ್ತರವನ್ನು ಅವನು ಯಾರಿಗೂ ತೋರಿಸಲಿಲ್ಲ, ತನಗೇ ದಿನಕ್ಕೆರಡು ಸಲ ತೋರಿಸಿಕೊಳ್ಳುತ್ತಿದ್ದ. ಸರಿ. ಇನ್ನು ಕಾಯಿರಿ. ಕಾಯಿರಿ ಎಂದರೆ ಬರುತ್ತೇನೆ ಎಂದಲ್ಲದೆ ಬೇರೆ ಅರ್ಥ ಎಲ್ಲಿದೆ? ಬಾರದವರು ಯಾರಾದರೂ ಕಾಯಿರಿ ಎನ್ನುತ್ತಾರೆಯೇ?

ಅಂಗಡಿಗೆ ಹೋಗುವ ದಾರಿಯಲ್ಲಿ ಅಂಗಡಿಗಳೆಲ್ಲ ಕದ ತೆಗೆಯುತ್ತಿದ್ದವು. ಯಾವುದೋ ಮನೆಯ ಕಿಟಕಿಯಲ್ಲಿ ಹೆಂಗಸಿನ ದನಿಯೊಂದು ಏನನ್ನೋ ರಾಗವಾಗಿ ಹೇಳಿಕೊಳ್ಳುತ್ತಿತ್ತು, ಪದ ತಿಳಿಯುತ್ತಿರಲಿಲ್ಲ. ಅವನ ತಾಯಿ ಹೀಗೇ ಬೆಳಗಿನ ಜಾವ ಕತ್ತಲಲ್ಲಿ ಕೂತು ಪದ್ಯಗಳನ್ನು ಹೇಳುತ್ತಿದ್ದಳು. ಹಾಸಿಗೆಯಿಂದ ಮಗ ದೀಪ ಹಚ್ಚಲಾ ಅಮ್ಮ ಎಂದರೆ, ಕೇಳೋಕೆ ದೀಪ ಯಾಕೋ ಎನ್ನುವಳು. ಆ ಪದ್ಯಗಳಲ್ಲಿ ಒಂದೂ ಈಗ ಪೂರ್ತಿಯಾಗಿ ಅವನಿಗೆ ನೆನಪಿಲ್ಲ. ನೆನಪಿರುವುದು ಸಾಲು ಮುಗಿದು ಇನ್ನೊಂದು ಸಾಲು ಹುಟ್ಟುವ ಮೊದಲು ಅವಳು ತೆಗೆದುಕೊಳ್ಳುತ್ತಿದ್ದ ಉಸಿರು. ದೀಪ ಕೆಡುವುದು, ನಂದುವುದು ಎಂಬಂಥ ಮಾತನ್ನು ಆಕೆ ಬಾಯಲ್ಲಿ ತರುತ್ತಿರಲಿಲ್ಲ, ಮನೆಯಲ್ಲಿ ಯಾರೂ ತರಕೂಡದು. ಉರಿಯುವುದು ಸಾಕು ಎನ್ನಬೇಕಾದರೆ ದೀಪ ದೊಡ್ಡದು ಮಾಡು ಎನ್ನುವಳು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಕರೆಂಟು ಹೋಗಿ ಲಾಂದ್ರ ಹಚ್ಚಿದ್ದರು. ಕರೆಂಟು ಬಂತು. ಅತ್ತೆ ಒಳಗಿನಿಂದ, ದೀಪ ದೊಡ್ಡದು ಮಾಡಮ್ಮ, ಎಂದರು. ಹೊಸ ಸೊಸೆ ಹೋಗಿ ಬತ್ತಿ ಏರಿಸಿದಳು. ಇನ್ನೂ ದೊಡ್ಡದು ಮಾಡಿಲ್ವಾ, ಎಂದು ಮತ್ತೆ ಕೇಳಿತು. ಇನ್ನಷ್ಟು ಏರಿಸಿದಳು. ಗಾಜು ಕಪ್ಪಾಗಿ, ಹೊಗೆ ಸುತ್ತಿ, ಕೊನೆಗೆ ಗಾಜು ಚಟ್ಟೆಂದು ಸೀಳಿದಾಗ ಅತ್ತೆ ಓಡಿಬಂದು ನೋಡಿ, ಸಂಗತಿ ತಿಳಿದು, ಕೆಮ್ಮು ಬರುವವರೆಗೆ ನಕ್ಕರು. ಸೊಸೆ ಮುಖದ ಮೇಲೆ ಮಸಿ ಮೆತ್ತಿಕೊಂಡು, ನಮ್ಮನೇಲಿ ಹೀಗೆಲ್ಲ ಸುತ್ತಿ ಬಳಸಿ ಹೇಳಲ್ಲ, ಎಂದಿದ್ದಳು. ಏನು ಹೇಳುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಅಂಗಡಿಯಲ್ಲಿ ಮೊದಲ ಕೆಲಸ ನಿನ್ನೆಯ ಲೆನ್ಸುಗಳಿಗೆ ನಡುಬಿಂದು ಗುರುತಿಸುವುದು. ಅದಕ್ಕೆಂದೇ ಒಂದು ನೀಲಿ ಪೆನ್ನು ಇದೆ, ಗಾಜಿನ ಮೇಲೂ ನಿಲ್ಲುವ ಶಾಯಿ, ನೀರಿಗೆ ಹೋಗುವುದಿಲ್ಲ. ಆ ಪೆನ್ನನ್ನು ಎತ್ತಿಕೊಂಡಾಗಲೆಲ್ಲ ಅವನ ಬೆರಳು ಅರೆಕ್ಷಣ ತಡೆಯುತ್ತದೆ. ಎರಡು ವರ್ಷದ ಹಿಂದೆ ಅವಳ ಎಡ ಮಣಿಕಟ್ಟಿನ ಒಳಗಡೆ ಬೇಳೆಯಷ್ಟು ಬಿಳಿ ಕಾಣಿಸಿಕೊಂಡಿತ್ತು. ವೈದ್ಯರು, ನೋಯುವುದಲ್ಲ ಅಂಟುವುದಲ್ಲ, ಹರಡಬಹುದು ಹರಡದೆಯೂ ಇರಬಹುದು ಎಂದರು. ಶಾಯಿಯ ಕೆಲಸ ಮಾಡಬಹುದಾ ಎಂದು ಅವಳು ಒಂದೇ ಪ್ರಶ್ನೆ ಕೇಳಿದಳು. ಮಾಡಬಹುದು ಎಂದಮೇಲೆ ಎದ್ದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು, ಅವನ ಮಟ್ಟಿಗೆ ಅಲ್ಲಿಂದ ಶುರುವಾಯಿತು. ಗಿರಾಕಿಗಳ ಕಣ್ಣಿಗೆ ಬಿಡಲು ಅಂಗಿಯ ಜೇಬಿನಲ್ಲಿ ಸದಾ ಇರುವ ಬೆರಳುದ್ದದ ಟಾರ್ಚನ್ನು ತೆಗೆದು ಪ್ರತಿ ಬೆಳಿಗ್ಗೆ, ಕೈ ಕೊಡು ನೋಡೋಣ, ಎನ್ನುತ್ತಿದ್ದ. ಮೆತ್ತಗೆ ಹಿಡಿಯುತ್ತಿದ್ದ. ಪ್ರೀತಿಯಿಂದಲೇ ಹಿಡಿಯುತ್ತಿದ್ದ, ದೇವರಾಣೆಗೂ. ಆದರೆ ನೋಡುವವನ ಪ್ರೀತಿ ನೋಡಿಸಿಕೊಳ್ಳುವವರಿಗೆ ಬರೀ ಬೆಳಕಾಗಿ ಮುಟ್ಟುತ್ತದೆಂದು ಅವನಿಗೆ ಯಾರು ಹೇಳಬೇಕು? ಒಂದು ಬೆಳಿಗ್ಗೆ ಅವಳು ಇನ್ನೂ ಮಲಗಿದ್ದಾಗ, ತಿಂಗಳಿನಿಂದ ತಿಂಗಳಿಗೆ ಎಷ್ಟು ಬೆಳೆಯುತ್ತಿದೆ ನೋಡೋಣ ಎಂದು, ಆ ಬಿಳಿಯ ಅಂಚಿನ ಸುತ್ತ ಈ ಪೆನ್ನಿನಿಂದ ಚುಕ್ಕಿ ಇಡುತ್ತ ಹೋದ. ಇಪ್ಪತ್ತೆಂಟನೆಯ ಚುಕ್ಕಿಗೆ ಅವಳು ಕಣ್ಣು ಬಿಟ್ಟಳು. ಬಚ್ಚಲಿಗೆ ಹೋಗಿ ತೊಳೆದಳು, ಚುಕ್ಕಿ ಹೋಗಲಿಲ್ಲ. ಹಾಗೇ ಕೆಲಸಕ್ಕೆ ಹೋದಳು. ಸಂಜೆ ಬಂದು ನಗುತ್ತ, ಜತೆಯವಳೊಬ್ಬಳು ಇದೇನೇ, ಎಲ್ಲಿ ಕತ್ತರಿಸಬೇಕು ಅಂತ ಗುರುತಾ ಎಂದು ಕೇಳಿದಳು, ಚೆನ್ನಾಗಿ ಕೇಳಿದಳು ಅಲ್ವಾ, ಎಂದಳು. ಅವನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ನಗುವನ್ನು ಅವನು ಇವತ್ತಿಗೂ ಅಳೆಯಲಾರ.

ಹನ್ನೊಂದರ ಹೊತ್ತಿಗೆ ಹೊಲಿಗೆಯ ಅಜ್ಜಿ ಬಂದಳು. ಅರವತ್ತು ವರ್ಷ ಗುಂಡಿ ಕಾಜ ಮಾಡಿದವಳು, ಅವನ ಹಳೆಯ ಗಿರಾಕಿ. ಸೂಜಿಗೆ ಎಷ್ಟು ಬೆಳಕು ಬೇಕೆಂಬ ಪಾಠ ಅವನು ಕಲಿತದ್ದೇ ಅವಳಿಂದ. ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಮೇಲಿನ ದೀಪ ಹಚ್ಚಿ, ಒಂದೊಂದೇ ಗಾಜು ಬದಲಿಸುತ್ತ ಅವನು ತನ್ನ ದಿನನಿತ್ಯದ ಮಂತ್ರ ಹೇಳಿದ: ಇದಾ, ಅದಾ? ಈಗ ಚೆನ್ನಾಗಿದೆಯಾ, ಮೊದಲಾ? ಊರಿಗೆಲ್ಲ ಇದಾ ಅದಾ ಎಂದು ಕೇಳುವವನು ತನಗಾಗಿ ಒಂದು ಅಂಗಿಯನ್ನೂ ಆರಿಸಲಾರ ಎಂದು ಹೆಂಡತಿ ನಗುತ್ತಿದ್ದಳು. ಅದಕ್ಕೇ ಆ ಎರಡು ಪದ ಅವನಿಗೆ ಅಷ್ಟು ದೊಡ್ಡದಾದದ್ದು. ಕಣ್ಣು ನೋಡಿ ಮುಗಿದ ಮೇಲೆ ಚೌಕಟ್ಟುಗಳ ತಟ್ಟೆಯನ್ನು ಮುಂದಿಟ್ಟರೆ ಅಜ್ಜಿ ಅದರತ್ತ ನೋಡಲೂ ಇಲ್ಲ.

“ನೀನೇ ಆರಿಸಪ್ಪ. ಈ ಮೂತಿಗೆ ಯಾವುದಾದ್ರೇನು, ಮೂಗು ಒಂದು ಇದೆ, ನಿಂತ್ರೆ ಸಾಕು.”

ಅವನು ನಕ್ಕು, ಕಂದು ಬಣ್ಣದ ಹಗುರವಾದದ್ದೊಂದನ್ನು ಆರಿಸಿ ಅವಳ ಕಿವಿಗೇರಿಸಿದ. ಅಜ್ಜಿ ಕನ್ನಡಿಯತ್ತ ಒಮ್ಮೆ ನೋಡಿ, ಕಣ್ಣು ಕಿರಿದು ಮಾಡಿ, ಕೈ ಅಡ್ಡ ಹಿಡಿದಳು.

“ಆ ದೀಪ ಆರಿಸು ಮೊದಲು. ಚುಚ್ತಾ ಇದೆ.”

ಅವನು ಕೈ ಎತ್ತಿದ, ಸ್ವಿಚ್ಚಿನವರೆಗೆ ಹೋದ ಕೈ ಅಲ್ಲೇ ನಿಂತಿತು. ಏನಂದಿರಿ, ಎಂದು ಕೇಳಿದ. ದೀಪ ಆರಿಸು ಅಂದೆ, ಕಿವಿಗೂ ಒಂದು ಕನ್ನಡಕ ಬೇಕೇನೋ ನಿನಗೆ, ಎಂದಳು ಅಜ್ಜಿ. ಅವನು ಸ್ವಿಚ್ಚು ಒತ್ತಿದ. ಹಲಗೆಯ ಮೇಲಿನ ಅಕ್ಷರಗಳು, ದೊಡ್ಡದರಿಂದ ಸಣ್ಣದರವರೆಗೆ, ಒಟ್ಟಿಗೆ ಹಿಂದಕ್ಕೆ ಸರಿದವು. ನಮ್ಮನೇಲಿ ಹೀಗೆಲ್ಲ ಸುತ್ತಿ ಬಳಸಿ ಹೇಳಲ್ಲ. ಅವಳ ಮನೆಯಲ್ಲಿ ಏನು ಹೇಳುತ್ತಾರೆ? ನೇರವಾಗಿ ಹೇಳುತ್ತಾರೆ. ಆರಿಸಿ ಎನ್ನುತ್ತಾರೆ. ತನ್ನ ತಾಯಿ ಬಾಯಲ್ಲಿ ತರದ ಮಾತು ತನ್ನ ಕಿವಿಯಲ್ಲೂ ಉಳಿದಿರಲಿಲ್ಲ. ಲೈಟು ಆಫ್ ಮಾಡು ಎಂದು ಬದುಕಿದವನಿಗೆ, ದಿನವಿಡೀ ಚೌಕಟ್ಟು ಆರಿಸಿ ಲೆನ್ಸು ಆರಿಸಿ ಎಂದು ಬಾಯಿ ಸವೆಸಿದವನಿಗೆ, ಆ ಪದಕ್ಕೆ ಇನ್ನೊಂದು ಮೈ ಇದೆಯೆಂಬುದೇ ಮರೆತಿತ್ತು. ದೀಪ ಆರಿಸಿ. ಸಾಕು, ಮುಗಿಸಿ. ತೊಟ್ಟಿಯೂ ಸಾಕು, ಮನೆಯೂ ಸಾಕು, ಎಂದಿದ್ದಳು ಅವಳು. ಅದಕ್ಕೆ ಅವನು ಹಿಗ್ಗಿನಿಂದ ಬರೆದ: ಆರಿಸಿದೆ. ಅವಳು ಅದನ್ನು ಓದಿ, ಇಷ್ಟು ಸಲೀಸಾಗಿ ಆರಿಸಿಬಿಟ್ಟರಲ್ಲ ಎಂದುಕೊಂಡಿರಬೇಕು. ಇನ್ನು ಕಾಯಿರಿ ಎಂದದ್ದು ಏತಕ್ಕೆ? ಬೇರೆಯಾಗುವ ಕಾಗದಪತ್ರಗಳಿಗೋ? ಅಜ್ಜಿ ಹೋಗುತ್ತೇನೆ ಎಂದಳು, ಹೋದದ್ದು ಅವನಿಗೆ ತಿಳಿಯಲಿಲ್ಲ. ಒಂದು ಪದದ ಮೇಲೆ ಒಂಬತ್ತು ದಿನ ಸಂಸಾರ ಮಾಡಿದ್ದನಲ್ಲ ಅವನು.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೊರಟ. ಎಲ್ಲಿಗೆಂದು ಕಾಲಿಗೆ ಮಾತ್ರ ತಿಳಿದಿತ್ತು. ಮೂರು ಬೀದಿ ದಾಟಿದರೆ ಉಪ್ಪಕ್ಕನ ಅಂಗಡಿ. ಕಡಲ ಜೀವಗಳನ್ನು ಮಾರುವ ದಪ್ಪ ಹೆಂಗಸು, ಮೊಳಕೈವರೆಗೆ ಸದಾ ಉಪ್ಪು ಒಣಗಿ ಬಿಳಿಗಟ್ಟಿರುವುದರಿಂದ ಆ ಹೆಸರು, ಅದನ್ನು ಇಟ್ಟವಳೂ ಅವನ ಹೆಂಡತಿಯೇ. ಅವರಿಬ್ಬರೂ ಹಾವು ಮುಂಗುಸಿಯಂತೆ ಜಗಳವಾಡಿ ಅಕ್ಕತಂಗಿಯರಂತೆ ಕೂತಿರುತ್ತಿದ್ದರು. ಬಿಸಿಲು ನೇರ ನೆತ್ತಿಯ ಮೇಲಿತ್ತು, ನೆರಳುಗಳು ವಸ್ತುಗಳ ಬುಡಕ್ಕೆ ಅಂಟಿಕೊಂಡಿದ್ದವು. ಹೆಂಡತಿ ಹೋಗುವ ಮೊದಲಿನ ಒಂದು ಸಂಜೆ ಅವನ ಎದುರಿಗೆ ಬಂತು. ಅವಳು ಹಳೆಯ ದೀಪದ ಬಿಳಿಯನ್ನು ಪೂರ್ತಿ ತಗ್ಗಿಸಿ ನೀಲಿಯೊಂದನ್ನೇ ಉಳಿಸಿದ್ದಳು. ಕೋಣೆ ನೀಲಿಯಲ್ಲಿ ಮುಳುಗಿ, ತೊಟ್ಟಿಯಲ್ಲಿ ಹವಳಗಳು ತಾವೇ ಒಳಗಿನಿಂದ ಉರಿಯುವಂತೆ ಹಸಿರಾಗಿ ಹೊಳೆಯುತ್ತಿದ್ದವು. ಅವಳು ಎಡಗೈಯನ್ನು ಗಾಜಿಗೆ ಆನಿಸಿ ಹಿಡಿದಳು. ಕೈ ಕತ್ತಲಾಗಿ, ಮಣಿಕಟ್ಟಿನ ಬಿಳಿ ಮಾತ್ರ, ಅಷ್ಟು ಹೊತ್ತಿಗೆ ಎಲೆಯಷ್ಟಾಗಿದ್ದ ಬಿಳಿ, ತಣ್ಣಗೆ ಹೊಳೆಯಿತು. ಅವಳು ಮಗುವಿನಂತೆ ನಕ್ಕು, ನೋಡಿ, ನಾನೂ ಇವರ ಕಡೆಯವಳೇ, ಎಂದಳು. ಬೀಗರನ್ನು ಪರಿಚಯ ಮಾಡಿಸುವ ದನಿ. ಅವನು ಎದ್ದು ಹೋಗಿ ಟ್ಯೂಬ್‌ಲೈಟ್ ಹಾಕಿದ. ಎಲ್ಲಿ, ಮೇಲಕ್ಕೂ ಬಂದಿದೆಯಾ, ಎಂದು ಕೇಳಿದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಬಿಸಿ ಪಾತ್ರೆಯಿಂದ ತೆಗೆದುಕೊಳ್ಳುವಂತೆ. ಅದಾಗಿ ಮೂರು ವಾರಕ್ಕೆ ವರ್ಗ ಕೇಳಿದಳು. ಚುಕ್ಕಿ ಇಟ್ಟ ಬೆಳಿಗ್ಗೆಯಲ್ಲ, ಈ ಸಂಜೆ ಅವಳು ಹೋದದ್ದು, ಎಂದು ಅವನಿಗೆ ಈಗ, ಈ ಬಿಸಿಲಲ್ಲಿ, ಬೇರೆಯವರ ಮನೆಯ ಗೋಡೆಯ ಪಕ್ಕದಲ್ಲಿ, ತಿಳಿಯಿತು. ದೇವರೇ, ಎಂದ. ಅದರ ಮುಂದೆ ಏನು ಬೇಡಬೇಕೋ ತೋಚಲಿಲ್ಲ.

ಮುಚ್ಚಿದ್ದ ಅಂಗಡಿಯನ್ನು ಉಪ್ಪಕ್ಕ ಬಂದು ತೆಗೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ಅವನು ಚಾಚಿದ ಫೋನು ನೋಡಿದಳು. ಬೆಳಿಗ್ಗೆ ತೆಗೆದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಎಷ್ಟು ಹೊತ್ತು ಉರಿಸುತ್ತೀಯ, ಎಷ್ಟು ಎತ್ತರಕ್ಕೆ ಕಟ್ಟಿದ್ದೀಯ, ಎಂದು ಕೇಳಿ, ಬಿಳಿ ತಿರುಪು ಎಷ್ಟಕ್ಕಿದೆ ಎಂದಳು. ಅವನು ಮಾಪಕದ ಅಂಕಿ ಹೇಳಿದ. ಯಾವ ಮಾಪಕ, ಎಂದಳು. ಅವನು ಚೀಲದಿಂದ ತೆಗೆದು ತೋರಿಸಿದ. ಉಪ್ಪಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸತ್ತ ಇಲಿಯನ್ನು ಇಡುವಂತೆ ಮೇಜಿನ ಮೇಲಿಟ್ಟಳು.

“ಇದು ನಮ್ಮ ಕಣ್ಣಿನ ಲೆಕ್ಕ ಕಣಪ್ಪ, ಕನ್ನಡಕದವನೇ. ನಮ್ಮ ಕಣ್ಣಿಗೆ ಎಷ್ಟು ಕಾಣುತ್ತೋ ಅಷ್ಟನ್ನ ಬೆಳಕು ಅನ್ನುತ್ತೆ ಇದು. ನೀಲಿ ಇದಕ್ಕೆ ಗೊತ್ತೇ ಆಗಲ್ಲ. ಅವಕ್ಕೆ ಕಣ್ಣೆಲ್ಲಿದೆ? ಅವು ಬೆಳಕನ್ನ ನೋಡಲ್ಲ, ಉಣ್ತವೆ.”

ಅವನು, ಆದರೆ ಬಣ್ಣ ತಿಳಿಯಾಗಿದೆಯಲ್ಲ, ಚೆಂದ ಕಾಣುತ್ತಿದೆಯಲ್ಲ, ಎಂದ. ಉಪ್ಪಕ್ಕ ನಗಲಿಲ್ಲ. ನಗದಿದ್ದದ್ದಕ್ಕೆ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಿರುತ್ತದೆ, ಕಂದು ಬಣ್ಣ ಅದರದ್ದು, ಬೆಳಕಿನಿಂದ ಅನ್ನ ಮಾಡಿ ಹವಳಕ್ಕೆ ಹಾಕುವುದು ಅದೇ, ಎಂದು ಅವಳು ಹೇಳಿದಳು. ಬೆಳಕು ಮಿತಿ ಮೀರಿದರೆ ಅನ್ನ ವಿಷವಾಗುತ್ತದೆ, ಆಗ ಹವಳ ತನ್ನನ್ನು ಸಾಕುವವರನ್ನೇ ಹೊರಗೆ ಹಾಕುತ್ತದೆ. ತೊಳೆದ ಹಾಗೆ ಕಾಣುವುದು ಕೊಳೆ ಹೋಗಿ ಅಲ್ಲ, ಮನೆ ಖಾಲಿಯಾಗಿ. ಒಳಗಿನ ಎಲುಬು ಕಾಣುತ್ತಿದೆ, ಅದನ್ನು ನೀನು ಚೆಂದ ಅನ್ನುತ್ತಿದ್ದೀಯ. ಹೇಳುತ್ತಲೇ ಫೋನಿನಲ್ಲಿ ಹಿಂದಕ್ಕೆ ಸರಿಸಿ, ಬೀರುವಿನ ದೀಪದ ಕೆಳಗೆ ತೆಗೆದ ಮೊದಲ ಫೋಟೋದ ಹತ್ತಿರ ನಿಂತಳು. ಇದನ್ನ ಅವಳಿಗೆ ಕಳಿಸಿದ್ಯಾ, ಎಂದಳು. ಅವನು ತಲೆಯಾಡಿಸಿದ. ಇದರಲ್ಲೇ ಕಾಣುತ್ತಿದೆಯಲ್ಲ, ತುದಿ ಸುಡುವುದಕ್ಕೆ ಶುರುವಾಗಿರುವುದು, ಅವಳು ನೋಡಿ ಏನೂ ಅನ್ನಲಿಲ್ಲವಾ? ದೀಪ ಆರಿಸಿ ಅಂದಳು, ಎಂದ ಅವನು, ಮಗುವಿನಂತೆ. ಉಪ್ಪಕ್ಕ ಫೋನಿನಿಂದ ಕಣ್ಣೆತ್ತಿದಳು.

“ಅಂದ್ಳಲ್ಲ ಮತ್ತೆ. ಇನ್ನೇನು ಹೇಳಬೇಕಿತ್ತು? ಸುಟ್ಟದ್ದು ಆರಬೇಕು ಅಂದ್ರೆ ದೀಪ ಆರಿಸಬೇಕು. ಆರಿಸಿ, ಕಾಯಬೇಕು. ನಾನಾದ್ರೂ ಅದೇ ಹೇಳ್ತಿದ್ದೆ.”

ಇನ್ನು ಕಾಯಿರಿ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಡತಿ ಅವನನ್ನು ಕರೆದೂ ಇರಲಿಲ್ಲ, ತಳ್ಳಿಯೂ ಇರಲಿಲ್ಲ. ಅಷ್ಟು ದೂರ ಕೂತು, ಅಂಗೈಯಗಲದ ಒಂದು ಫೋಟೋದಲ್ಲಿ, ಸುಡುತ್ತಿರುವ ಒಂದು ತುದಿಯನ್ನು ಕಂಡು, ಅರ್ಧ ಗಂಟೆಯೊಳಗೆ ಮದ್ದು ಬರೆದಿದ್ದಳು. ಅವನು ಅದನ್ನು ಓದಿ ಬೆಂಕಿ ಹೆಚ್ಚಿಸಿದ್ದ. ಉಪ್ಪಕ್ಕ ಹೇಳುತ್ತ ಹೋದಳು: ಇವತ್ತು ನಾಳೆ ಪೂರ್ತಿ ಕತ್ತಲೆ, ನಾಡಿದ್ದಿನಿಂದ ದೀಪವನ್ನು ಮೊಳದಷ್ಟು ಮೇಲಕ್ಕೆತ್ತಿ ಕಟ್ಟು, ಬರೀ ನೀಲಿ, ಹತ್ತರಲ್ಲಿ ಒಂದು ಪಾಲು, ವಾರಕ್ಕೊಂದು ಪಾಲು ಏರಿಸು, ಆತುರ ಬೇಡ. ಮಾಂಸ ಎಲುಬಿನಿಂದ ಕಳಚಿಲ್ಲವಾದರೆ ಜೀವವಿದೆ. ಅವನು ಕೇಳಿದ, ಹೊರಗೆ ಹಾಕಿದ ಮೇಲೆ ಅವು ಮತ್ತೆ ಬರುತ್ತವಾ?

“ಎಲ್ಲಾನೂ ಹೋಗಿರಲ್ಲಪ್ಪ. ಒಂದಷ್ಟು ಒಳಗೇ ಉಳಿದಿರ್ತವೆ, ಕಾಣಲ್ಲ ಅಷ್ಟೆ,” ಎಂದಳು ಉಪ್ಪಕ್ಕ. “ಒಂದು ಮಾತು ನೆನಪಿಟ್ಕೋ. ಆರ್ತಾ ಇದೆಯಾ ಅಂತ ಗಳಿಗೆಗೊಂದು ಸಲ ಟಾರ್ಚ್ ಬಿಟ್ಟು ನೋಡಬೇಡ. ನಿನ್ನ ಕೈಗೆ ಆ ಚಟ ಇದೆ. ಅವಳು ಹೇಳಿದ್ದಾಳೆ.”

ಅವಳು ಹೇಳಿದ್ದಾಳೆ. ಮನೆಗೆ ಬರುವ ದಾರಿಯುದ್ದಕ್ಕೂ, ಅವಳ ಎರಡು ಉತ್ತರಗಳ ಮೇಲೆ ಬಂದ ಆ ಮೂರನೆಯ ಮಾತು ಅವನ ಜತೆ ನಡೆದು ಬಂತು. ಅವನು ಕೋಣೆಯ ಪರದೆಗಳನ್ನೆಲ್ಲ ಎಳೆದು, ತೊಟ್ಟಿಯ ಮುಂದೆ ನಿಂತು, ಮೊದಲು ಬಿಳಿಯ ತಿರುಪನ್ನು, ಆಮೇಲೆ ನೀಲಿಯದನ್ನು, ತುದಿಯವರೆಗೆ ಹಿಂದಕ್ಕೆ ತಿರುಗಿಸಿದ. ನೀಲಿ ಆರುವ ಮುಂಚಿನ ಒಂದು ಕ್ಷಣ ಸುತ್ತಿಗೆ ಹವಳದ ಬೆರಳುಗಳು ಕುಗ್ಗಿ ಒಳಗೆ ಸೇರಿಕೊಂಡಿದ್ದದ್ದು ಕಂಡಿತು. ಬೆಳಿಗ್ಗೆಯೂ ಹಾಗೇ ಇದ್ದಿರಬೇಕು, ಬಣ್ಣ ನೋಡುವ ಭರದಲ್ಲಿ ಅವನು ಕಂಡಿರಲಿಲ್ಲ. ಆಮೇಲೆ ಏನೂ ಕಾಣಲಿಲ್ಲ. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು, ಮಕ್ಕಳು ಆಡುತ್ತಿದ್ದರು, ಒಳಗೆ ಕತ್ತಲಲ್ಲಿ ಪಂಪು ನೀರನ್ನು ಎತ್ತಿ ಸುರಿಯುತ್ತ, ಎತ್ತಿ ಸುರಿಯುತ್ತ ಇತ್ತು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಟಾರ್ಚಿನ ಗುಂಡಿಯ ಮೇಲೆ ಹೆಬ್ಬೆರಳು ಕೂತಿತು. ಮಾಂಸ ಎಲುಬಿನಿಂದ ಕಳಚಿದೆಯೋ ಇಲ್ಲವೋ, ಒಂದೇ ಒಂದು ಸಲ, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ನೋಡದೆ ತಿಳಿಯುವುದಾದರೂ ಹೇಗೆ? ಹೆಬ್ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ಬರಿಗೈ ಹೊರತೆಗೆದು, ಫೋನು ಎತ್ತಿ, ಆರು ತಿಂಗಳಲ್ಲಿ ಮೊದಲ ಸಲ ಬರೆಯದೆ, ಕರೆ ಮಾಡಿದ.

ಎರಡು ಸಲ ಹೊಡೆದುಕೊಂಡ ಮೇಲೆ ಅವಳು ಎತ್ತಿದಳು. ಹಿನ್ನೆಲೆಯಲ್ಲಿ ಅಚ್ಚುಯಂತ್ರದ ಸದ್ದು, ಅದು ದೂರವಾಯಿತು, ಹೊರಗೆ ಬಂದಳೆಂದು ತೋರಿತು. ಹೇಳಿ, ಎಂದಳು. ಅವನು ಹೇಳಿದ. ನೀನು ಆರಿಸಿ ಎಂದೆ, ನಾನು ಮೂರರಲ್ಲಿ ಒಂದನ್ನು ಆರಿಸಿದೆ. ಆರಿಸಿದೆ ಎಂದು ಬರೆದದ್ದು ಅದನ್ನು. ಒಂಬತ್ತು ದಿನ ಉರಿಸಿದ್ದೇನೆ. ಇವತ್ತು ತಿಳಿಯಿತು, ಈಗಷ್ಟೇ ಆರಿಸಿದೆ. ಆ ಕಡೆ ಉಸಿರು ನಿಂತಿತು. ಎಷ್ಟು ಹೊತ್ತೆಂದರೆ, ತಾಯಿಯ ಪದ್ಯದ ಎರಡು ಸಾಲುಗಳ ನಡುವೆ ಕೂತಂತಾಯಿತು ಅವನಿಗೆ.

“ಅಂದ್ರೆ, ನಾನು ಆರಿಸಿ ಅಂದ್ರೆ ನೀವು ದೊಡ್ಡದು ಮಾಡಿದ್ರಿ.”

“ಹ್ಞೂಂ,” ಎಂದ ಅವನು. “ದೊಡ್ಡದು ಮಾಡ್ದೆ.”

ಅವಳಿಗೆ ನಗು ಬಂತೋ, ಬಂದ ನಗು ಅರ್ಧದಲ್ಲಿ ಬೇರೆ ಏನೋ ಆಯಿತೋ, ಅವನಿಗೆ ಕೇಳಿದ್ದು ಮೂಗು ಎಳೆದುಕೊಂಡ ಸದ್ದು. ಲಾಂದ್ರದ ಗಾಜು ಇಬ್ಬರಿಗೂ ನೆನಪಾಗಿತ್ತು, ಇಬ್ಬರೂ ಅದನ್ನು ಹೇಳಲಿಲ್ಲ. ಎಷ್ಟು ಬೆಳ್ಳಗಾಗಿದೆ, ಎಂದು ಅವಳು ಕೇಳಿದಳು. ಕೇಳಿದ ದನಿಯಲ್ಲಿ, ಯಾವ ಅಳತೆ ಬರುತ್ತದೋ ಬರಲಿ ಎಂದು ಮೈ ಬಿಗಿಹಿಡಿದು ಕೂತ ಹಳೆಯ ಬೆಳಗುಗಳಿದ್ದವು.

“ಗೊತ್ತಿಲ್ಲ. ನೋಡ್ತಾ ಇಲ್ಲ. ಕತ್ತಲಲ್ಲಿ ಕೂತಿದ್ದೀನಿ.”

“ಟಾರ್ಚು?”

“ಜೇಬಲ್ಲಿದೆ.”

ಬೀದಿಯಲ್ಲಿ ಮಕ್ಕಳನ್ನು ಯಾರೋ ಒಳಗೆ ಕರೆದರು. ಪರದೆಯ ಅಂಚಿನ ಬೆಳಕು ಬೂದಿಯಾಗುತ್ತ ಬಂತು. ಯಾವಾಗ ಬರುತ್ತೀಯ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದೂ ಒಂದು ಟಾರ್ಚೇ ಎಂದು ಅವನಿಗೆ ಅನ್ನಿಸಿತು. ಅವನು ಕೇಳಲಿಲ್ಲ.

“ನೀರಿನ ಸದ್ದು ಬರ್ತಿದೆ,” ಎಂದಳು ಅವಳು. “ಫೋನ್ ತೊಟ್ಟಿ ಮೇಲೆ ಇಡಿ. ಸ್ವಲ್ಪ ಹೊತ್ತು ಕೇಳ್ತೀನಿ.”

ಅವನು ಫೋನನ್ನು ಗಾಜಿನ ಮುಚ್ಚಳದ ಮೇಲೆ ಮುಖ ಕೆಳಗಾಗಿ ಇಟ್ಟ, ಅದರ ಬೆಳಕೂ ನೀರಿಗೆ ಬೀಳದಂತೆ ಕೆಳಗೆ ಕರವಸ್ತ್ರ ಮಡಿಸಿ ಹಾಸಿದ. ನೆಲದ ಮೇಲೆ ಕೂತು ತೊಟ್ಟಿಯ ಕೆಳಗಿನ ಕಟ್ಟೆಗೆ ಬೆನ್ನು ಕೊಟ್ಟ. ನೀರು ಏರಿತು, ಒಂದು ಉಸಿರು ನಿಂತಿತು, ಬಿತ್ತು; ಏರಿತು, ನಿಂತಿತು, ಬಿತ್ತು. ಕೇಳೋಕೆ ದೀಪ ಯಾಕೋ. ಕೋಣೆ ಪೂರ್ತಿ ಕಪ್ಪಾದ ಮೇಲೆ ತನ್ನ ಕೈ ಎಲ್ಲಿದೆಯೆಂದೂ ಅವನಿಗೆ ಕಾಣದಾಯಿತು. ಆ ಕಡೆ ಅವಳು ಇನ್ನೂ ಇದ್ದಾಳೋ, ಯಾವಾಗಲೋ ಇಟ್ಟುಬಿಟ್ಟಳೋ, ಫೋನನ್ನು ತಿರುಗಿಸಿದರೆ ತಿಳಿಯುತ್ತಿತ್ತು. ಅವನು ತಿರುಗಿಸಲಿಲ್ಲ.